ಮುಂದಿನ ಸೀಟಿನ ಪ್ರಶ್ನೆ

ಓಣಿಯೊಳಗೆ ಕಾರಿನ ಸದ್ದು ಕೇಳಿಸಿದರೆ ಯಾರಿಗೋ ಹುಷಾರಿಲ್ಲ, ಇಲ್ಲವೇ ಯಾರದೋ ಮದುವೆಯಿದೆ ಎಂದು ತಿಳಿದುಕೊಳ್ಳುತ್ತಿದ್ದ ಕಾಲ ಅದು. ಕೊಟ್ಟೂರಿನ ನಮ್ಮ ಓಣಿಯ ಹೆಂಗಸರು ರೊಟ್ಟಿ ತಟ್ಟುತ್ತಿದ್ದ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ಕಾರಿನೊಳಗಿನವರ ಮುಖ ನೋಡಿ ಎರಡರಲ್ಲಿ ಯಾವುದೆಂದು ತೀರ್ಮಾನ ಮಾಡುತ್ತಿದ್ದರು. ಕಾಯಿಲೆಯೂ ಇಲ್ಲದೆ, ಮದುವೆಯೂ ಇಲ್ಲದೆ ಒಂದು ಮನೆಯವರು ಸ್ವಂತಕ್ಕೆ ಕಾರು ಕೊಳ್ಳಬಹುದು ಎಂಬ ಯೋಚನೆ ಆ ಓಣಿಗೆ ಇನ್ನೂ ಬಂದಿರಲಿಲ್ಲ. ಬಂದದ್ದು ನಮ್ಮ ಮನೆಯಿಂದ. ಅದೂ ಕಾರಿನ ಮೇಲಿನ ಆಸೆಯಿಂದಲ್ಲ, ನಮ್ಮ ಅವ್ವನ ವಾಂತಿಯಿಂದ.

ನಾನೀಗ ಐವತ್ತು ದಾಟಿದವನು. ಹಗರಿಬೊಮ್ಮನಹಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರು. ಸ್ವಂತಕ್ಕೊಂದು ಸಣ್ಣ ಕಾರು ಕೊಳ್ಳಬೇಕೆಂದು ಕೆಲವು ವರ್ಷಗಳಿಂದ ಯೋಚಿಸುತ್ತಿದ್ದೇನೆ. ‘ಯೋಚನೆ’ ಎನ್ನುವುದು ನನ್ನ ಮಾತು; ನನ್ನ ಹೆಂಡತಿ ಅದಕ್ಕೆ ಬೇರೆ ಮಾತು ಬಳಸುತ್ತಾಳೆ. ಬಿಸಿಲಿಗೆ ಟೈರು ಒಡೆದರೆ? ರಾತ್ರಿ ಹೆಗ್ಗಣ ಬಂದು ವೈರು ಕಡಿದರೆ? ಸಂತೆಯ ದಿನ ಹಿಂದಕ್ಕೆ ತೆಗೆಯುವಾಗ ಯಾರದಾದರೂ ಟೊಮೆಟೊ ಬುಟ್ಟಿ ಅಡ್ಡ ಬಂದರೆ? ಇನ್ನೂ ಕೊಳ್ಳದ ಕಾರಿನಿಂದ ನಾನು ಇಷ್ಟು ಹೊತ್ತಿಗೆ ಹಲವಾರು ಅಪಘಾತ ಮಾಡಿಬಿಟ್ಟಿದ್ದೇನೆ. ಇದು ನನ್ನ ತಪ್ಪಲ್ಲ. ಚಿಂತೆ ಮಾಡುವುದು ನಮ್ಮ ಮನೆತನದ ಕಸುಬು. ಅದರಲ್ಲಿ ನಮ್ಮ ಅಪ್ಪ ನನಗಿಂತ ದೊಡ್ಡ ಪಂಡಿತ.

ಅವ್ವನ ತವರು ಗುಡೇಕೋಟೆ. ಗುಂಡುಕಲ್ಲಿನ ಗುಡ್ಡಗಳ ಮಧ್ಯದ ಊರು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗದಿದ್ದರೆ ನಮ್ಮ ಕಡೆ ಅದನ್ನು ಹಬ್ಬವೆಂದೇ ಯಾರೂ ಕರೆಯುವುದಿಲ್ಲ. ಶ್ರಾವಣ ಹುಟ್ಟುತ್ತಿದ್ದಂತೆ ಸೋದರಮಾವ ಕರೆಯಲು ಬರುತ್ತಿದ್ದ. ನಮ್ಮ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಕಮಾನು ಬಂಡಿ ಹೂಡಿಸುತ್ತಿದ್ದರು. ಅವ್ವ, ಅಕ್ಕ, ನಾನು ಹುಲ್ಲು ಹಾಸಿದ ಬಂಡಿಯಲ್ಲಿ ಕೂತು, ಕೂಡ್ಲಿಗಿಯ ನೆಂಟರ ಮನೆಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಗುಡೇಕೋಟೆ ಸೇರುತ್ತಿದ್ದೆವು. ಅಲ್ಲಿ ಬೇವಿನ ಮರಕ್ಕೆ ಜೋಕಾಲಿ ಕಟ್ಟಿರುತ್ತಿತ್ತು. ಅಡುಗೆಮನೆಯಿಂದ ಹುರಿದ ಶೇಂಗಾದ ವಾಸನೆ, ಬೆಲ್ಲದ ಪಾಕದ ವಾಸನೆ. ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರ್ರನೆ ತಿರುಗಿಸುವ ಆಟ. ಆಡಿ ಸಾಕಾದ ಮೇಲೆ ಮಣ್ಣು ಒರೆಸಿ ಆ ಬಟ್ಟಲನ್ನೇ ತಿನ್ನುತ್ತಿದ್ದೆವು. ಮನೆಯಲ್ಲಿ ಯಾವತ್ತೂ ದನಿ ಎತ್ತದ ನಮ್ಮ ಅವ್ವ ಜೋಕಾಲಿಯ ಮೇಲೆ ನಿಂತು ಜೀಕುತ್ತಾ, “ಇನ್ನೂ ಜೋರಾಗಿ ತೂಗ್ರೇ!” ಎಂದು ಕೂಗುತ್ತಿದ್ದಳು. ಆ ಅವ್ವನನ್ನು ನಾವು ನೋಡುತ್ತಿದ್ದದ್ದು ವರ್ಷಕ್ಕೊಂದು ಸಲ, ಅಲ್ಲಿ ಮಾತ್ರ.

ಆಮೇಲೆ ದೊಡ್ಡಪ್ಪ ಟ್ರ್ಯಾಕ್ಟರು ಕೊಂಡರು. ಎತ್ತುಗಳು ಹೋದವು, ಬಂಡಿ ಹಿತ್ತಲಲ್ಲಿ ಕೋಳಿಗಳ ಪಾಲಾಯಿತು. ಉಳಿದದ್ದು ಬಸ್ಸು. ಅವ್ವನಿಗೆ ಬಸ್ಸು ಹತ್ತುವುದೇನು, ಡೀಸೆಲ್ ವಾಸನೆ ಬಂದರೆ ಸಾಕು, ಸೆರಗು ಮೂಗಿಗೆ ಹೋಗುತ್ತಿತ್ತು. ಒಂದು ವರ್ಷ ಧೈರ್ಯ ಮಾಡಿ ಹತ್ತಿದಳು. ಕೂಡ್ಲಿಗಿ ಮುಟ್ಟುವಷ್ಟರಲ್ಲಿ ಬಟ್ಟೆ ಹಿಂಡಿದ ಹಾಗೆ ಆಗಿಹೋಗಿದ್ದಳು. ಮುಂದೆ ಹೋಗಲಾಗದು, ಹಿಂದೆ ಬರಲಾಗದು. ಕೊನೆಗೆ ದೊಡ್ಡಪ್ಪನೇ ಆಳಿನ ಕೈಲಿ ಟ್ರ್ಯಾಕ್ಟರು ಹೊಡೆಸಿಕೊಂಡು ಬಂದು, ಟ್ರೈಲರಿನಲ್ಲಿ ಹುಲ್ಲು ಹಾಸಿ, ಮನೆಗೆ ಕರೆತಂದರು. ಮರುವರ್ಷ ಸೋದರಮಾವ ಕರೆಯಲು ಬಂದಾಗ ಅವ್ವ ಉಂಡಿಯ ಡಬ್ಬಿ ಕೊಟ್ಟು, “ನೀ ಹೋಗಪಾ. ಅವ್ವಗ ಹೇಳು, ಮುಂದಿನ ಸಲ ಬರ್ತೀನಂತ,” ಎಂದು ಅವನೊಬ್ಬನನ್ನೇ ಕಳಿಸಿದಳು. ಅಳಲಿಲ್ಲ. ಒಳಗೆ ಹೋಗಿ ಒರಳಲ್ಲಿ ಎಳ್ಳು ಕುಟ್ಟಲು ಕೂತಳು. ಎಳ್ಳು ಎಣ್ಣೆ ಬಿಟ್ಟರೂ ಕುಟ್ಟುವುದನ್ನು ನಿಲ್ಲಿಸಲಿಲ್ಲ.

ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ದೊಡ್ಡಪ್ಪ ಆ ಸದ್ದನ್ನು ಸುಮಾರು ಹೊತ್ತು ಕೇಳಿದರು. ಸಂಜೆ ಅಪ್ಪ ಎಣ್ಣೆ ಅಂಗಡಿಯಿಂದ ಬಂದಾಗ, “ಒಂದು ಸಣ್ಣ ಕಾರು ನೋಡಲೇ, ತಮ್ಮಾ,” ಎಂದರು.

ಅಪ್ಪ ಗಾಬರಿಯಾದರು. “ಕಾರಾ? ಯಾರಿಗೇನಾಗೇತಿ?”

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಆಗ ನಮ್ಮ ಮನೆಗಳಲ್ಲಿ ಗಂಡನ ಅಣ್ಣನೆದುರು ಹೆಣ್ಣುಮಕ್ಕಳು ಕೂರುವಂತಿರಲಿಲ್ಲ, ನೇರವಾಗಿ ಮಾತಾಡುವಂತಿರಲಿಲ್ಲ. ಅವ್ವನಿಗೂ ದೊಡ್ಡಪ್ಪನಿಗೂ ಮಾತುಕತೆ ನಡೆಯುತ್ತಿದ್ದದ್ದು ನನ್ನ ಮೂಲಕ. “ಭಾವನೋರಿಗೆ ಹೇಳು, ಊಟಕ್ಕ ಆಗೇತಿ ಅಂತ,” ಎಂದು ಅವ್ವ ಬಾಗಿಲ ಸಂದಿಯಿಂದ ಹೇಳುವಳು. “ನಿಮ್ಮವ್ವಗ ಹೇಳು, ಬಂದೆ ಅಂತ,” ಎಂದು ದೊಡ್ಡಪ್ಪ ನನ್ನ ನೆತ್ತಿಯ ಮೇಲಿನಿಂದ ಹೇಳುವರು. ಇಬ್ಬರಿಗೂ ಇಬ್ಬರ ಮಾತೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಾನು ಮಧ್ಯದಲ್ಲಿ ಬಾಯಿ ತೆರೆಯುವ ಹೊತ್ತಿಗೆ ಮಾತು ಮುಗಿದೇ ಹೋಗಿರುತ್ತಿತ್ತು. ಹಾಗಾಗಿ ಈ ಕಾರು ಅವ್ವನಿಗಾಗಿ ಎಂದು ದೊಡ್ಡಪ್ಪ ಬಾಯಿಬಿಟ್ಟು ಹೇಳಲಿಲ್ಲ. “ಅಂಗಡಿಗೆ ಬೇಕಾಗ್ತೈತಿ,” ಎಂದರು. ಅಪ್ಪನೂ “ಹೌದೌದು, ಅಂಗಡಿಗೆ,” ಎಂದರು. ಎಣ್ಣೆ ಡಬ್ಬಿಗೆ ಕಾರು ಯಾಕೆ ಬೇಕು ಎಂದು ನಾನು ಕೇಳಿದಾಗ ಅಕ್ಕ ನನ್ನ ತೊಡೆ ಚಿವುಟಿದಳು.

ಆಮೇಲೆ ಶುರುವಾಯಿತು ನೋಡಿ ಪ್ರಶ್ನೆಗಳ ಕಾಲ. ಸಂಜೆಯಾದರೆ ಅಂಗಡಿಯ ಕಟ್ಟೆಯ ಮೇಲೆ, ಎಣ್ಣೆ ಜಿಡ್ಡಿನ ವಾಸನೆಯ ನಡುವೆ, ಸೈಕಲ್ಲು ಬಿಟ್ಟು ಬೇರೇನೂ ಕೊಳ್ಳದ ಮಂದಿಯೆಲ್ಲ ಕೂತು ಅಪ್ಪನನ್ನು ಹೆದರಿಸುತ್ತಿದ್ದರು.

“ಲೀಟರಿಗೆ ಎಷ್ಟು ಓಡ್ತೈತಿ, ಅದನ್ನ ಮೊದಲು ಕೇಳ್ರಿ.”

“ಓಡದು ಬಿಡ್ರಿ, ನಿಂತ್ರ ರಿಪೇರಿ ಮಾಡೋನು ಯಾರು ಅದಾನ ಇಲ್ಲಿ? ಸಾಮಾನು ತರಾಕ ಹೊಸಪೇಟಿಗೆ ಹೋಗಬೇಕು.”

“ನಿಮ್ಮ ಓಣ್ಯಾಗ ಹೊರಳತೈತೇನು? ಹೊರಳಲಿಲ್ಲಂದ್ರ ಹಿಂದಕ್ಕಾ ಹಿಂದಕ್ಕಾ ಬಜಾರತನಕ ಬರಬೇಕಾಗ್ತೈತಿ.”

“ಎಲ್ಲಿ ನಿಲ್ಲಿಸ್ತೀರಿ? ನೆಳ್ಳು ಐತೇನು?”

ಅಪ್ಪ ಒಂದೊಂದು ಪ್ರಶ್ನೆಯನ್ನೂ ಮನೆಗೆ ಹೊತ್ತು ತಂದು ಊಟದ ತಟ್ಟೆಯ ಮುಂದೆ ಬಿಚ್ಚುತ್ತಿದ್ದರು. ರೊಟ್ಟಿ ಮುರಿದ ಕೈ ಹಾಗೇ ನಿಲ್ಲುತ್ತಿತ್ತು. “ಅಲ್ಲ ಅಣ್ಣಾ, ಬ್ರೇಕು ಹಿಡೀಲಿಲ್ಲಂದ್ರ?”

“ಹಿಡೀಲಿಲ್ಲಂದ್ರ ಮುಂದಿನ ಗ್ವಾಡಿ ಹಿಡೀತೈತಿ. ಉಣ್ಣಲೇ ಮೊದ್ಲು,” ಎನ್ನುವರು ದೊಡ್ಡಪ್ಪ.

ದೊಡ್ಡಪ್ಪನಿಗೆ ಕಾರಿನ ಗಂಧಗಾಳಿ ಇರಲಿಲ್ಲ. ಎತ್ತು ಮಾತ್ರ ಗೊತ್ತಿತ್ತು. ಹಡಗಲಿ ಕಡೆಯಿಂದಲೂ ಮಂದಿ ಬಂದು ಎತ್ತು ಕೊಳ್ಳುವಾಗ ಅವರನ್ನು ಕರೆದೊಯ್ಯುತ್ತಿದ್ದರು. ಕಾರಾದರೇನು, ಎತ್ತಾದರೇನು, ಕೇಳುವುದು ಅದನ್ನೇ ಎಂಬುದು ಅವರ ವಾದ. “ಮೊದಲನೇ ಪ್ರಶ್ನಿ, ಯಾಕ ಮಾರ್ತಿ? ಎರಡನೇದು, ಯಾರ ಕೈಯಾಗ ದುಡದೈತಿ? ಮೂರನೇದು, ಮುಂಜಾನಿ ತಾನಾಗಿ ಏಳತೈತೋ, ಬಾಲ ತಿರುವಿ ಎಬ್ಬಿಸಬೇಕೋ? ಅದನ್ನ ಅವ ಹೇಳಂಗಿಲ್ಲ. ನಾವಾ ಹೋಗಿ ನೋಡಬೇಕು, ಅವ ಹಲ್ಲುಜ್ಜೋದರಾಗ.”

ಹರಪನಹಳ್ಳಿಯಲ್ಲಿ ವಯಸ್ಸಾದ ಡಾಕ್ಟರೊಬ್ಬರು ತಮ್ಮ ಬಿಳಿ ಕಾರನ್ನು ಕೊಡುತ್ತಾರೆಂದು ಸುದ್ದಿ ಬಂತು. ಹೇಳದೆ ಕೇಳದೆ ಮೊದಲ ಬಸ್ಸಿಗೆ ಹೊರಟೆವು; ಅಪ್ಪ, ದೊಡ್ಡಪ್ಪ, ಹಟ ಮಾಡಿ ಜೊತೆಯಾದ ನಾನು. ಡಾಕ್ಟರು ಬನಿಯನ್ನಿನಲ್ಲಿ ತುಳಸಿ ಗಿಡಕ್ಕೆ ನೀರು ಹಾಕುತ್ತಿದ್ದಾಗಲೇ ಅಂಗಳಕ್ಕೆ ನುಗ್ಗಿದ ದೊಡ್ಡಪ್ಪ, ನಮಸ್ಕಾರಕ್ಕೂ ಮೊದಲು ಕಾರಿನ ಮೂತಿಯ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. “ಇನ್ನೂ ಎದ್ದಿಲ್ಲ,” ಎಂದು ತೃಪ್ತಿಯಿಂದ ತಲೆಯಾಡಿಸಿದರು. ಡಾಕ್ಟರು ಅವರನ್ನೇ ರೋಗಿ ಎಂದುಕೊಂಡು, “ಎಷ್ಟು ದಿನದಿಂದ ಹಿಂಗೆ?” ಎಂದು ಅಪ್ಪನನ್ನು ಕೇಳಿದರು.

ವಿಷಯ ತಿಳಿದ ಮೇಲೆ ನಕ್ಕು ಚಾ ಕೊಡಿಸಿದರು. ಕೀ ತಿರುಗಿಸಿದರೆ ಕಾರು ಒಂದೇ ಸಲಕ್ಕೆ ಎದ್ದಿತು. ದೊಡ್ಡಪ್ಪ ಸುತ್ತ ನಡೆದು, ಟೈರಿನ ಗೆರೆಗಳಲ್ಲಿ ಉಗುರು ಆಡಿಸಿ, ಕೆಳಗೆ ಬಗ್ಗಿ ಎಣ್ಣೆ ಸೋರಿದೆಯೇ ಎಂದು ನೆಲ ಮುಟ್ಟಿ ಮೂಸಿದರು. “ಎಲ್ಲೆರ ಕುಟಗಂಡಿತ್ತೇನ್ರಿ?” ಎಂದರು. “ಒಮ್ಮೆ ಎಮ್ಮೆಗೆ,” ಎಂದು ಡಾಕ್ಟರು ಮುಚ್ಚಿಡದೆ ಹೇಳಿ, ಬಾಗಿಲ ಕೆಳಗಿನ ತಗ್ಗನ್ನು ತೋರಿಸಿದರು. ಯಾಕೆ ಮಾರುತ್ತೀರಿ ಎಂದರೆ, ಕಣ್ಣು ಮಂಜಾಗಿದೆ, ಆ ಎಮ್ಮೆಯೂ ಅದಕ್ಕೇ ಕಾಣಲಿಲ್ಲ ಎಂದರು. ಇಷ್ಟು ನಿಜ ಹೇಳುವವನ ಎತ್ತು ಕೊಳ್ಳಬಹುದು ಎಂದು ದೊಡ್ಡಪ್ಪ ಅಲ್ಲೇ ನಿರ್ಧಾರ ಮಾಡಿದಂತಿತ್ತು. ಅಪ್ಪನ ಪ್ರಶ್ನೆಗಳು ಮಾತ್ರ ಚಾ ಮುಗಿದರೂ ಮುಗಿಯಲಿಲ್ಲ. ಕೊನೆಗೆ, ಬಸ್ಸಿನಲ್ಲಿ ಕೂರಲಾಗದವರನ್ನು ಕರೆದೊಯ್ಯಲು ಬೇಕಾಗಿತ್ತು ಎಂಬ ನಿಜವೂ ಬಾಯಿಂದ ಬಂದುಬಿಟ್ಟಿತು.

ಡಾಕ್ಟರು ಲೋಟ ಕೆಳಗಿಟ್ಟರು. “ಇಷ್ಟೆಲ್ಲ ನೀವು ಕೇಳಿದ್ರಿ, ನಾನೂ ಒಂದು ಕೇಳ್ತೀನಿ. ಮುಂದಿನ ಸೀಟಲ್ಲಿ ಯಾರು ಕೂರ್ತಾರೆ?”

“ಹಿರೇರು. ಮತ್ಯಾರು ಕುಂದ್ರತಾರ?” ಎಂದರು ದೊಡ್ಡಪ್ಪ, ಇದೆಂಥ ಪ್ರಶ್ನೆ ಎಂಬಂತೆ.

“ಮತ್ತೆ, ಬಸ್ಸಲ್ಲಿ ಕೂರಲಾಗದವರು?”

“ಹೆಣ್ಮಕ್ಳು ಹಿಂದ.”

ಡಾಕ್ಟರು ಏನೋ ಹೇಳಲು ಹೋಗಿ, ನಮ್ಮ ಮೂವರ ಮುಖ ನೋಡಿ, ಖಾಲಿ ಲೋಟಗಳನ್ನು ಎತ್ತಿಕೊಂಡರು. ಅವರು ಕಾರಿನ ಕೀ ಕೊಟ್ಟಾಗ ದೊಡ್ಡಪ್ಪ ಅದರ ಬಳೆಯನ್ನು ಕಳಚಿ ಅವರಿಗೇ ಹಿಂತಿರುಗಿಸಿದರು. “ಎತ್ತು ಮಾರಿದ್ರೂ ಹಗ್ಗ ಕೊಟ್ಟೋರ ಮನ್ಯಾಗಾ ಇರಬೇಕ್ರಿ, ಡಾಕ್ಟ್ರೇ.” ಬರೀ ಕೀಯನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು.

ಬಾಡಿಗೆ ಡ್ರೈವರೊಬ್ಬ ಕಾರನ್ನು ಊರಿಗೆ ತಂದುಬಿಟ್ಟ ಮೇಲೆ ಅಪ್ಪ ಕಾಲೇಜು ಮೈದಾನದಲ್ಲಿ ಅದನ್ನು ಓಡಿಸಲು ಕಲಿತರು. ಎದುರಿಗೆ ಒಂದು ನಾಯಿ ಕಂಡರೂ ಇಳಿದು ಹೋಗಿ ಅದನ್ನು ಓಡಿಸಿ ಬಂದು ಮತ್ತೆ ಹೊರಡುತ್ತಿದ್ದರು. ಈ ವರ್ಷ ಕರೆಯಲು ಬರಬೇಡ, ನಾವೇ ಬರುತ್ತೇವೆ ಎಂದು ಸೋದರಮಾವನಿಗೆ ಹೇಳಿ ಕಳಿಸಿದೆವು. ಉಂಡಿ ಕಟ್ಟುವಾಗ ಅವ್ವ ಒಳಗೊಳಗೇ ಏನೋ ಗುನುಗುತ್ತಿದ್ದಳು. ಒಂದು ದಿನ ಯಾರೂ ಇಲ್ಲದ ಹೊತ್ತು ಕಾರಿನ ಹತ್ತಿರ ಹೋಗಿ, ಕಿಟಕಿಯಿಂದ ಮೂಗು ಒಳಗಿಟ್ಟು ವಾಸನೆ ನೋಡಿ, ನನ್ನನ್ನು ಕಂಡು, “ಆಗಬಹುದನಸ್ತೈತಪಾ,” ಎಂದಳು. ಅವಳ ಕಣ್ಣಲ್ಲಿ ಎಷ್ಟು ಆಸೆಯಿತ್ತೋ ಅಷ್ಟೇ ಭಯವೂ ಇತ್ತು. ಇದರಲ್ಲೂ ಆಗದಿದ್ದರೆ ಇನ್ನು ಮುಂದೆ ಯಾವುದೂ ಇಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಆಕೆಗೆ ವಾಂತಿಯಾಗಬಾರದೆಂದು ಮನೆಮಂದಿಯೆಲ್ಲ ಸೇರಿ ಮಾಡಿದ ಉಪಾಯಗಳೇ ನಮಗೆ ಮುಳುವಾದವು. ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡವ್ವ, ಸೀಟಿನ ಕೆಳಗೆ ಬೇವಿನ ಸೊಪ್ಪು ತುರುಕಿದಳು. ಅಕ್ಕ ನೀಲಗಿರಿ ಎಣ್ಣೆ ಚಿಮುಕಿಸಿದಳು. ಅಪ್ಪ ಮೂಲೆಮೂಲೆಗೆ ನುಸಿಗುಳಿಗೆ ಇಟ್ಟರು. ಹೊರಡುವ ಮುನ್ನ ದೊಡ್ಡಪ್ಪ ಊದಿನಕಡ್ಡಿ ಹಚ್ಚಿ, ಸೀಟಿಗೆಲ್ಲ ಅತ್ತರು ಹಚ್ಚಿದರು, ಜೋಡೆತ್ತಿನ ಕೊಂಬಿಗೆ ಎಣ್ಣೆ ಹಚ್ಚಿದ ಹಾಗೆ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ನನಗೇ ತಲೆ ತಿರುಗಿತು. ಅಪ್ಪ ಗಾಳಿಗೆ ಶೀತವಾದೀತೆಂದು ಕಿಟಕಿಯನ್ನೂ ಏರಿಸಿಬಿಟ್ಟಿದ್ದರು.

ಮುಂದೆ ಅಪ್ಪ, ದೊಡ್ಡಪ್ಪ. ಹಿಂದೆ ಅವ್ವ, ಅಕ್ಕ, ನಾನು, ಉಂಡಿಯ ಡಬ್ಬಿ. ಕೂಡ್ಲಿಗಿ ಇನ್ನೂ ಸುಮಾರು ದೂರವಿತ್ತು. ಅವ್ವ ನನ್ನ ಮೊಣಕೈ ಹಿಡಿದಳು. ಅಪ್ಪ ಕಾರು ನಿಲ್ಲಿಸುವಷ್ಟರಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ ಎಲ್ಲ ಮುಗಿದಿತ್ತು.

ಹುಣಸೆ ಮರದ ಕೆಳಗೆ ಅವ್ವ ಕೂತಳು. ಮುಖ ಬೂದಿಯಂತಾಗಿತ್ತು. ಅಕ್ಕ ತಂಬಿಗೆಯಿಂದ ನೀರು ಹಾಕಿದಳು. ಅವ್ವ ಅಪ್ಪನಿಗೆ ಮೆಲ್ಲಗೆ, “ಮನಿಗೆ ಹೋಗಾನು ನಡೀರಿ. ನನ್ನ ಹಣ್ಯಾಗ ಇಲ್ಲ ಅದು,” ಎಂದಳು. ಅಪ್ಪ ಆಗಲೇ ಕಾರು ತಿರುಗಿಸುವ ಜಾಗ ಹುಡುಕುತ್ತಿದ್ದರು. ತಿರುಗಿಸುವುದು ಇನ್ನೂ ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಆ ಚಿಂತೆ ಬೇರೆ.

ದೊಡ್ಡಪ್ಪ ಕಾರಿನೊಳಗೆ ಬಗ್ಗಿ ಬೇವಿನ ಸೊಪ್ಪು, ನುಸಿಗುಳಿಗೆ, ಊದಿನಕಡ್ಡಿ ಎಲ್ಲವನ್ನೂ ಹೊರಕ್ಕೆ ಎಸೆದರು. ಎಲ್ಲ ಕಿಟಕಿ ಇಳಿಸಿದರು. “ಲೇ ತಮ್ಮಾ, ಆ ಡಾಕ್ಟ್ರು ಅವತ್ತು ಮುಂದಿನ ಸೀಟು ಕೇಳಿದ್ದು ಇದಕ್ಕಾ. ಮುಂದ ಕುಂತ್ರ ವಾಂತಿ ಬರಂಗಿಲ್ಲ,” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ನಿಮ್ಮವ್ವಗ ಹೇಳಲೇ, ಮುಂದ ಕುಂದ್ರಬೇಕಂತ.”

ಅವ್ವ ತಲೆ ಎತ್ತಲಿಲ್ಲ. “ಭಾವನೋರಿಗೆ ಹೇಳು, ಅವರನ್ನ ಹಿಂದ ಕುಂದ್ರಿಸಿ ನಾ ಮುಂದ ಕುಂದ್ರಾಕಿ ಅಲ್ಲಂತ. ನೋಡಿದೋರು ಏನಂತಾರ?”

“ಕೇಳಲೇ, ನೋಡೋರು ಯಾರದಾರ ಇಲ್ಲಿ? ಕುರಿ ಅದಾವು.”

“ಕುರಿ ಕಾಯೋನೂ ಅದಾನಂತ ಹೇಳು.”

“ಅವ ಕುರಿ ನೋಡಾಕತ್ಯಾನ ಅಂತ ಹೇಳು!”

ನಾನು ಅವರ ಮಧ್ಯೆ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಿದ್ದೆ. ಕುರಿ ಕಾಯುವವನು ಕೋಲಿನ ಮೇಲೆ ಗದ್ದ ಊರಿ, ಕುರಿ ಬಿಟ್ಟು ನಮ್ಮನ್ನೇ ನೋಡುತ್ತಿದ್ದ. ಅವ್ವ ಹಟ ಬಿಡಲಿಲ್ಲ. ಹಿರಿಯರನ್ನು ಬೆನ್ನ ಹಿಂದೆ ಕೂರಿಸಿಕೊಂಡು ತವರಿಗೆ ಹೋಗುವುದಕ್ಕಿಂತ ಹೋಗದಿರುವುದೇ ಲೇಸೆಂದು ಆಕೆಯ ಬೆನ್ನೇ ಹೇಳುತ್ತಿತ್ತು.

ಆಗ ದೊಡ್ಡಪ್ಪ ದೊಡ್ಡದಾಗಿ ಆಕಳಿಸಿದರು. “ನನಗ ಯಾಕೋ ಕಣ್ಣು ಎಳೀತಾವಪಾ,” ಎಂದು ಗಾಳಿಗೆ ಹೇಳಿ, ಹಿಂದಿನ ಬಾಗಿಲು ತೆಗೆದು ಮೂಲೆಗೆ ಸರಿದು ಕೂತರು. ರುಮಾಲು ಬಿಚ್ಚಿ ಮುಖದ ಮೇಲೆ ಹೊದ್ದುಕೊಂಡರು. ರುಮಾಲು ಮೂಗು ಮುಟ್ಟುವ ಮೊದಲೇ ಗೊರಕೆ ಶುರುವಾಗಿತ್ತು. ನಿದ್ದೆ ಹೋದ ಮನುಷ್ಯ ಮುಂದೆ ಯಾರು ಕೂತರೂ ನೋಡುವುದಿಲ್ಲ. ನೋಡದವನ ಎದುರು ಯಾವ ಮರ್ಯಾದೆಯೂ ತಪ್ಪುವುದಿಲ್ಲ.

ಅವ್ವ ಆ ಗೊರಕೆಯನ್ನೇ ಕೇಳುತ್ತ ಸ್ವಲ್ಪ ಹೊತ್ತು ಕೂತಿದ್ದಳು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಕೊನೆಗೆ ಅವ್ವ ಎದ್ದಳು, ಸೆರಗು ತಲೆತುಂಬ ಎಳೆದುಕೊಂಡಳು, ಮುಂದಿನ ಬಾಗಿಲು ತೆಗೆದಳು.

ಕೂಡ್ಲಿಗಿ ದಾಟಿತು. ತೆರೆದ ಕಿಟಕಿಯಿಂದ ಮಳೆ ಬಿದ್ದ ಎರೆಹೊಲದ ವಾಸನೆ, ಎಳೆ ಶೇಂಗಾ ಬಳ್ಳಿಯ ವಾಸನೆ ಒಳಗೆ ಬರುತ್ತಿತ್ತು. ಸೀಟಿನ ಅಂಚಿಗೆ ಬಂದು, ಎರಡೂ ಕೈಯಲ್ಲಿ ಮುಂದಿನ ಹಲಗೆ ಹಿಡಿದು ಕೂತಿದ್ದ ಅವ್ವನ ತಲೆಯ ಮೇಲಿನ ಸೆರಗು ಯಾವಾಗಲೋ ಜಾರಿತ್ತು. ಗುಡೇಕೋಟೆಯ ಗುಡ್ಡಗಳು ಕಾಣತೊಡಗಿದಾಗ ಆಕೆ ಅಪ್ಪನಿಗೆ ಒಂದೊಂದನ್ನೇ ತೋರಿಸಿದಳು. ಆಮೇಲೆ ಹೇಳಿದಳು:

“ಬಂಡ್ಯಾಗ ಹಿಂದಕ್ಕ ಮುಖ ಮಾಡಿ ಕುಂದ್ರತಿದ್ವಿ. ಬಸ್ಸಿನ್ಯಾಗಂತೂ ತಲಿ ಎತ್ತಲಿಲ್ಲ. ನಮ್ಮೂರು ಎದುರಿಗೆ ಬರೋದು ನಾ ನೋಡಿದ್ದಾ ಇವತ್ತು.”

ಹಿಂದೆ ಗೊರಕೆ ನಿಂತಿತು.

“ಅಣ್ಣಗ ಎಚ್ಚರ ಆತೇನು?” ಎಂದರು ಅಪ್ಪ. ತಕ್ಷಣ ಗೊರಕೆ ಮೊದಲಿಗಿಂತ ಜೋರಾಗಿ ಶುರುವಾಯಿತು. ಪಕ್ಕದಲ್ಲೇ ಕೂತಿದ್ದ ನನಗೆ ರುಮಾಲಿನ ಅಂಚಿನ ಕೆಳಗೆ ಅವರ ಒಂದು ಕಣ್ಣು ಕಾಣುತ್ತಿತ್ತು. ಅದು ಪೂರ್ತಿ ತೆರೆದಿತ್ತು. ಒದ್ದೆಯಾಗಿತ್ತೆಂದು ಹೇಳಲಾರೆ, ಅತ್ತರಿನ ಉರಿ ಇನ್ನೂ ಕಾರಿನಲ್ಲಿತ್ತು.

ಊರ ಹತ್ತಿರ ಬರುತ್ತಿದ್ದಂತೆ ಅವ್ವ ಗಡಬಡಿಸಿದಳು. “ನಿಲ್ಲಸ್ರಿ, ನಾ ಹಿಂದ ಹೋಗ್ತೀನಿ. ತವರುಮನಿಯೋರು ನೋಡಿದ್ರ ಏನಂತಾರ?” ಅಪ್ಪ ನಿಲ್ಲಿಸಿದರು. “ಅಣ್ಣಾ,” ಎಂದರು. ಗೊರಕೆ. “ಅಣ್ಣಾ, ಊರು ಬಂತು.” ಇನ್ನೂ ದೊಡ್ಡ ಗೊರಕೆ. ಅಪ್ಪ ಭುಜ ಅಲುಗಿಸಿದರು. ದೊಡ್ಡಪ್ಪ ನಿದ್ದೆಯಲ್ಲಿದ್ದವರ ಹಾಗೆ ಅವರ ಕೈಯನ್ನು ತಳ್ಳಿ, ಗೋಡೆಯ ಕಡೆ ಹೊರಳುವಂತೆ ಬಾಗಿಲ ಕಡೆ ಹೊರಳಿದರು. ಅವರು ಏಳದೆ ಸೀಟು ಬದಲಾಗುವಂತಿರಲಿಲ್ಲ. ಅವರು ಏಳಲಿಲ್ಲ.

ಹೀಗಾಗಿ ನಮ್ಮ ಅವ್ವ ಮುಂದಿನ ಸೀಟಿನಲ್ಲೇ ಕೂತು ತವರು ಸೇರಿದಳು. ಮನೆಯ ಮುಂದೆ ಮಕ್ಕಳೆಲ್ಲ ಕಾರಿಗೆ ಮುತ್ತಿದರು. ಸೋದರಮಾವ ಬಾಗಿಲು ತೆಗೆದ. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು, “ಯಾರಾಕಿ, ಮುಂದ ಕುಂತಾಕಿ?” ಎಂದಳು. ಅವ್ವ ಇಳಿದು ನೇರ ಹೋಗಿ ಅವಳನ್ನು ತಬ್ಬಿದಳು. ಆಕೆ ಒಳಗೆ ಹೋಗಿ ಮರೆಯಾದ ಮೇಲೆ ದೊಡ್ಡಪ್ಪ ರುಮಾಲು ತೆಗೆದು, ಕಣ್ಣುಜ್ಜಿ, “ಬಂತೇನು ಊರು?” ಎಂದರು.

ಆ ಸಂಜೆ ಬೇವಿನ ಮರದ ಜೋಕಾಲಿ ಟೊಂಗೆ ಮುಟ್ಟುವಷ್ಟು ಮೇಲೆ ಹೋಯಿತು.

ದೊಡ್ಡಪ್ಪ ಈಗಿಲ್ಲ. ಅಪ್ಪನೂ ಇಲ್ಲ. ನಮ್ಮ ಓಣಿಯಲ್ಲಿ ಈಗ ಮನೆಗೊಂದು ಕಾರು ನಿಂತು, ನಡೆದು ಹೋಗುವುದೇ ಕಷ್ಟವಾಗಿದೆ. ಯಾರು ಎಲ್ಲಿ ಕೂರಬೇಕೆಂದು ಯಾರೂ ಯಾರನ್ನೂ ಕೇಳಬೇಕಿಲ್ಲ. ಅದು ಒಳ್ಳೆಯದೇ. ನಾಳೆ ನಾನು ಕಾರು ಕೊಂಡರೆ ನನ್ನ ಹೆಂಡತಿ ಮುಂದೆಯೇ ಕೂತು ನನಗೆ ದಾರಿ ಹೇಳುತ್ತಾಳೆ, ಬೈಯುತ್ತಾಳೆ. ಹಾಗಾಗದಂತೆ ತಡೆಯುವ ಯಾವ ಪದ್ಧತಿಯೂ ಮರಳಿ ಬರುವುದು ಬೇಡ. ಆದರೆ ಹೋದ ವಾರ ಹೊಸಪೇಟೆಯ ಶೋರೂಮಿನಲ್ಲಿ ಕೂತಿದ್ದಾಗ, ಟೈ ಕಟ್ಟಿದ ಹುಡುಗ ನನ್ನ ಪ್ರಶ್ನೆಗಳಿಗೆಲ್ಲ ಫೋನು ನೋಡಿಕೊಂಡೇ ಉತ್ತರ ಕೊಟ್ಟು, “ಇನ್ನೇನಾದ್ರೂ ಇದೆಯಾ ಸರ್?” ಎಂದು ಕೇಳಿದಾಗ, ನನಗೆ ಕಟ್ಟೆಯ ಮೇಲೆ ಕೂತು ನಮ್ಮನ್ನು ಹೆದರಿಸುವ ಆ ಮಂದಿ ಬೇಕೆನಿಸಿತು. ನನ್ನ ಚಿಂತೆಯನ್ನು ಈಗ ನಾನೊಬ್ಬನೇ ಮಾಡಬೇಕು.

ಮನೆಗೆ ಬಂದು ಅವ್ವನ ಪಕ್ಕ ಕೂತೆ. ಆಕೆ ನಮ್ಮ ಜೊತೆಯಲ್ಲೇ ಇದ್ದಾಳೆ. ಕಾರಿನ ಚಿತ್ರದ ಹಾಳೆಯನ್ನು ಕನ್ನಡಕ ಏರಿಸಿ ನೋಡಿದಳು.

“ಹಿಂದಿನ ಸೀಟು ಭಾಳ ಸಣ್ಣದೈತಲ್ಲೋ. ಒಬ್ಬರು ಕಾಲು ಚಾಚಿ ಮಕ್ಕಣಾಕ ಆಗಂಗಿಲ್ಲ.”

“ಕಾರಿನಾಗ ಯಾರು ಮಕ್ಕೋತಾರವ್ವಾ ಈಗ?”

ಅವ್ವ ಹಾಳೆಯನ್ನು ಮಡಿಚಿ ಕೊಟ್ಟಳು. “ನಿಮ್ಮ ದೊಡ್ಡಪ್ಪ ಜೀವಮಾನದಾಗ ಗೊರಕಿ ಹೊಡದೋರಲ್ಲ. ನಿಮ್ಮ ದೊಡ್ಡವ್ವ ಆಮ್ಯಾಲೆ ಹೇಳಿದ್ಲು ನನಗ.”

ನಾನು ಬೆರಗಾದೆ. “ಹಂಗಾದ್ರ ಗೊತ್ತಿತ್ತಾ ನಿನಗ? ಮತ್ತ ಅವರಿದ್ದಾಗ ಒಂದು ಸಲನೂ ಹೇಳಲಿಲ್ಲಲ್ಲ?”

“ಹೆಂಗ ಹೇಳ್ಲೋ?” ಎಂದಳು ಅವ್ವ. “ಆ ಮ್ಯಾಲೂ ಪ್ರತಿ ಪಂಚಮಿಗೂ ಅಲ್ಲಿಗೆ ಹೋಗೋತನಕ ಮಕ್ಕಂಡಾ ಇರ್ತಿದ್ರು. ಮಕ್ಕಂಡೋರನ್ನ ಎಬ್ಬಿಸಬಾರದಪಾ.”